ಟನ್ನಿಗೆ ಎರಡು ರೂಪಾಯಿ ನಲವತ್ತು ಪೈಸೆ: ಸೇಡಂ–ಚಿಂಚೋಳಿ ನೆಲದ ಟೈಟಾನಿಯಂ ಲೆಕ್ಕ

ಸಿಮೆಂಟಿಗೆ ಹೋಗುವ ಸುಣ್ಣದಕಲ್ಲಿನ ಮೇಲೆ ಟನ್ನಿಗೆ 80 ರೂಪಾಯಿ ರಾಜಧನವಿದೆ. 2015ರ ಜನವರಿಗೂ ಮೊದಲೇ ಕೊಟ್ಟ ಗಣಿ ಗುತ್ತಿಗೆಯಾದರೆ ಆ ರಾಜಧನದ ಮೇಲೆ ಶೇ 30, ಅಂದರೆ 24 ರೂಪಾಯಿ, ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸೇರಬೇಕು. ಹರಾಜಿನಲ್ಲಿ ಪಡೆದ ಗುತ್ತಿಗೆಗೆ ಅದು ಶೇ 10. ರಾಜಧನ, ಪ್ರತಿಷ್ಠಾನದ ಪಾಲು ಇವೆರಡರ ಬಗ್ಗೆ ಕಲಬುರಗಿ ಜಿಲ್ಲೆಯಲ್ಲಿ ಆಗಾಗ ಮಾತು ಏಳುತ್ತದೆ. ಮಾತಿಗೇ ಬಾರದ ಮೂರನೆಯ ಬಾಬ್ತು ಒಂದಿದೆ. ರಾಜಧನದ ಶೇ 2, ಅಂದರೆ ಟನ್ನಿಗೆ 1 ರೂಪಾಯಿ 60 ಪೈಸೆ, ರಾಷ್ಟ್ರೀಯ ಖನಿಜ ಅನ್ವೇಷಣಾ ಟ್ರಸ್ಟಿಗೆ ಹೋಗುತ್ತಿತ್ತು. 2025ರ ಕಾನೂನು ತಿದ್ದುಪಡಿ ಅದನ್ನು ಶೇ 3ಕ್ಕೆ ಏರಿಸಿದೆ. ಈಗಿನ ಲೆಕ್ಕದಲ್ಲಿ ಅದು 2 ರೂಪಾಯಿ 40 ಪೈಸೆ.

ದೇಶದಲ್ಲಿ ಹೊಸ ಖನಿಜ ಹುಡುಕುವ ಖರ್ಚಿಗೆಂದೇ ಕಟ್ಟಿದ ನಿಧಿ ಅದು. ಅಂದ ಮೇಲೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ನೆಲದಿಂದ ಏಳುವ ಪ್ರತಿ ಟನ್ ಕಲ್ಲು ಲಿಥಿಯಂ, ವನೇಡಿಯಂ, ಟೈಟಾನಿಯಂಗಳ ಹುಡುಕಾಟಕ್ಕೆ ಪಾಲು ಕೊಡುತ್ತಿದೆ. ಹುಡುಕಾಟ ಇದೇ ನೆಲಕ್ಕೆ ಬಂದರೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಕೇಳುವ ಹಕ್ಕು ಇಲ್ಲಿನ ಜನರಿಗೆ ಇದೆ. ಆ ಹಕ್ಕನ್ನು ಚಲಾಯಿಸಲು ಕೆಲವು ಅಂಕಿಗಳು ಕೈಯಲ್ಲಿರಬೇಕು.

ಮೊದಲು ಈ ಪಾಲು ಎಷ್ಟು ದೊಡ್ಡದು ನೋಡೋಣ. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ಒಂದು ಟನ್ ಸುಡಲು ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು ಬೇಕು. ವರ್ಷಕ್ಕೆ 30 ಲಕ್ಷ ಟನ್ ಕ್ಲಿಂಕರ್ ಮಾಡುವ ಕಾರ್ಖಾನೆಯನ್ನು ಮಾದರಿಯಾಗಿ ಇಟ್ಟುಕೊಂಡರೆ ಅದಕ್ಕೆ 45 ಲಕ್ಷ ಟನ್ ಕಲ್ಲು ಬೇಕಾಗುತ್ತದೆ. ರಾಜಧನ 36 ಕೋಟಿ ರೂಪಾಯಿ. ಹಳೆಯ ಗುತ್ತಿಗೆಯಾದರೆ ಖನಿಜ ಪ್ರತಿಷ್ಠಾನಕ್ಕೆ 10.8 ಕೋಟಿ. ಅನ್ವೇಷಣಾ ಟ್ರಸ್ಟಿಗೆ ಶೇ 2ರ ದರದಲ್ಲಿ 72 ಲಕ್ಷ, ಶೇ 3ರಲ್ಲಿ 1 ಕೋಟಿ 8 ಲಕ್ಷ. ಇದನ್ನೇ ಮನೆ ಕಟ್ಟುವವರ ಲೆಕ್ಕಕ್ಕೆ ಇಳಿಸಬಹುದು. 50 ಕೆ.ಜಿ.ಯ ಒಂದು ಚೀಲ ಸಾದಾ ಸಿಮೆಂಟಿನ ಹಿಂದೆ ಸುಮಾರು 71 ಕೆ.ಜಿ. ಸುಣ್ಣದಕಲ್ಲಿದೆ. ರಾಜಧನ 5 ರೂಪಾಯಿ 70 ಪೈಸೆ, ಖನಿಜ ಹುಡುಕಾಟದ ಪಾಲು ಈಗ 17 ಪೈಸೆ.

ಇಂಥ ಕಾರ್ಖಾನೆ ಇಲ್ಲಿ ಒಂದೆರಡಲ್ಲ. ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿಯೊಳಗೆ ವಿಲೀನವಾದ ಕಂಪನಿಗಳಲ್ಲಿ ಒಂದು. ವಾಡಿಯಲ್ಲಿ ಎಸಿಸಿ ಕಾರ್ಖಾನೆ 1968ರಿಂದ ಇದೆ. ಸೇಡಂ ತಾಲ್ಲೂಕಿನಲ್ಲಿ ಮಳಖೇಡದ ರಾಜಶ್ರೀ, ಸೇಡಂ ಪಟ್ಟಣದ ವಾಸವದತ್ತಾ, ಕೋಡ್ಲಾದ ಶ್ರೀ ಸಿಮೆಂಟ್. ಚಿತ್ತಾಪುರದಲ್ಲಿ ಇಟಗಾದ ಓರಿಯಂಟ್. ಚಿಂಚೋಳಿ ತಾಲ್ಲೂಕಿನಲ್ಲಿ ಕಲ್ಲೂರಿನ ಚೆಟ್ಟಿನಾಡ್, ಛತ್ರಸಾಲದ ಕಲಬುರಗಿ ಸಿಮೆಂಟ್. ನೂರು ವರ್ಷದ ಹತ್ತಿರ ಬಂದ ಈ ಉದ್ಯಮದ ಬೆನ್ನೆಲುಬು ಭೀಮಾ ಜಲಾನಯನ ಎಂದು ಭೂವಿಜ್ಞಾನಿಗಳು ಕರೆಯುವ, ಕರ್ನಾಟಕ–ತೆಲಂಗಾಣಗಳಲ್ಲಿ ಸುಮಾರು 5,200 ಚದರ ಕಿ.ಮೀ. ಹರಡಿದ ಹಳೆಯ ಸಮುದ್ರತಳದ ಶಿಲೆಗಳು. ಅದರ ಮುಖ್ಯ ಸುಣ್ಣದಕಲ್ಲಿನ ಪದರಕ್ಕೆ ಶಹಾಬಾದಿನದೇ ಹೆಸರು. ಫರ್ಸಿಯಾಗಿ ನಮ್ಮ ಮನೆಗಳ ನೆಲಕ್ಕೆ ಹಾಸಿದ್ದು ಅದೇ.

ಇನ್ನು ಟೈಟಾನಿಯಂ. ಕೇಂದ್ರ ಗಣಿ ಸಚಿವಾಲಯ 2023ರ ಜೂನ್‌ನಲ್ಲಿ 30 ನಿರ್ಣಾಯಕ ಖನಿಜಗಳ ಪಟ್ಟಿ ಹೊರತಂದಿತು. ಟೈಟಾನಿಯಂ ಅದರಲ್ಲಿದೆ. ಅದೇ ವರ್ಷದ ಆಗಸ್ಟಿನಲ್ಲಿ ಜಾರಿಗೆ ಬಂದ ಗಣಿ ಕಾಯ್ದೆಯ ತಿದ್ದುಪಡಿ ಟೈಟಾನಿಯಂ ಅದಿರುಗಳನ್ನು ಪರಮಾಣು ಖನಿಜಗಳ ಪಟ್ಟಿಯಿಂದ ತೆಗೆದು 24 ನಿರ್ಣಾಯಕ ಖನಿಜಗಳ ಪಟ್ಟಿಗೆ ಸೇರಿಸಿತು. ಇವುಗಳ ಹರಾಜು ಕೇಂದ್ರದ ಕೈಯಲ್ಲಿ, ಆದಾಯ ರಾಜ್ಯಕ್ಕೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ರಾಜಧನ ದರ ಗೊತ್ತುಮಾಡಿದ 12 ಖನಿಜಗಳಲ್ಲೂ ಇದು ಒಂದು. 2025ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ನ ಗಾತ್ರ 16,300 ಕೋಟಿ ರೂಪಾಯಿ. ಅದರಡಿ 2030–31ರೊಳಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1,200 ಅನ್ವೇಷಣಾ ಯೋಜನೆಗಳನ್ನು ಕೈಗೊಳ್ಳಬೇಕು. ಇಷ್ಟೊಂದು ಯೋಜನೆ ಎಂದರೆ ಇಂದಲ್ಲ ನಾಳೆ ಯಾವುದೇ ಜಿಲ್ಲೆಯ ಹಳ್ಳದ ದಂಡೆಗೆ ಮಾದರಿ ಚೀಲ ಹಿಡಿದವರು ಬಂದೇ ಬರುತ್ತಾರೆ.

ನಮ್ಮ ನೆಲದಲ್ಲಿ ಟೈಟಾನಿಯಂ ಇದೆಯೇ? ಇದೆ, ಬೇಕಾದಷ್ಟಿದೆ. ಭೂಮಿಯ ಹೊರಪದರದಲ್ಲಿ ಹೆಚ್ಚು ಪ್ರಮಾಣದಲ್ಲಿರುವ ಧಾತುಗಳಲ್ಲಿ ಇದು ಒಂಬತ್ತನೆಯದು, ತೂಕದಲ್ಲಿ ಶೇ 0.5ಕ್ಕಿಂತ ಮೇಲೆ. ಚಿಂಚೋಳಿಯ ಕಡೆ ಸುಣ್ಣದಕಲ್ಲಿನ ಮೇಲೆ ದಖ್ಖನ್ ಲಾವಾದ ಕಪ್ಪು ಕಲ್ಲು, ಬಸಾಲ್ಟ್, ಹರಡಿಕೊಂಡಿದೆ. ದಖ್ಖನ್ ಬಸಾಲ್ಟಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಸಾಮಾನ್ಯವಾಗಿ ಶೇ 1.5ರಿಂದ 3.5. ನಡುವಿನ ಶೇ 2.5 ಹಿಡಿಯೋಣ. ಒಂದು ಚದರ ಕಿ.ಮೀ. ವಿಸ್ತೀರ್ಣ, 10 ಮೀಟರ್ ದಪ್ಪದ ಬಸಾಲ್ಟ್ ಎಂದರೆ ಒಂದು ಕೋಟಿ ಘನ ಮೀಟರ್. ಘನ ಮೀಟರಿಗೆ 2.9 ಟನ್‌ನಂತೆ 2 ಕೋಟಿ 90 ಲಕ್ಷ ಟನ್ ಕಲ್ಲು. ಅದರ ಶೇ 2.5 ಎಂದರೆ 7 ಲಕ್ಷ 25 ಸಾವಿರ ಟನ್ ಡೈಆಕ್ಸೈಡ್. ಡೈಆಕ್ಸೈಡಿನ ತೂಕದಲ್ಲಿ ಲೋಹ ಶೇ 60. ಅಲ್ಲಿಗೆ 4 ಲಕ್ಷ 35 ಸಾವಿರ ಟನ್ ಟೈಟಾನಿಯಂ ಲೋಹ, ಒಂದೇ ಒಂದು ಚದರ ಕಿ.ಮೀ.ಯಲ್ಲಿ.

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಅಂಕಿಯನ್ನು ಪತ್ರಿಕೆಯ ತಲೆಬರಹಕ್ಕೆ ಏರಿಸಿದರೆ ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಬಸಾಲ್ಟಿನ ಟೈಟಾನಿಯಂನಲ್ಲಿ ಒಂದು ಪಾಲು ಇಲ್ಮನೈಟ್ ಮತ್ತು ಟೈಟಾನಿಯಂ ಬೆರೆತ ಮ್ಯಾಗ್ನಟೈಟಿನ ಅತಿ ಸಣ್ಣ ಹರಳುಗಳಲ್ಲಿ ಇರುತ್ತದೆ. ಇನ್ನೊಂದು ಪಾಲು ಪೈರಾಕ್ಸೀನ್ ಎಂಬ ಸಿಲಿಕೇಟ್ ಖನಿಜದ ಒಳಗೇ ಹೆಣೆದುಕೊಂಡಿರುತ್ತದೆ. ಎರಡನೆಯದನ್ನು ಅರೆದು ಬೇರ್ಪಡಿಸಲಾಗದು. ಅರ್ಧ ಮಾತ್ರ ಕೈಗೆ ಸಿಗುತ್ತದೆ ಎಂದು ಉದಾರವಾಗಿಯೇ ಹಿಡಿದರೂ ಒಂದು ಟನ್ ಡೈಆಕ್ಸೈಡಿಗೆ 80 ಟನ್ ಬಂಡೆ ಒಡೆಯಬೇಕು. ಬಸಾಲ್ಟ್ ಗಟ್ಟಿ ಕಲ್ಲು. ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಅರೆಯಲು ಟನ್ನಿಗೆ ಸುಮಾರು 20 ಯೂನಿಟ್ ವಿದ್ಯುತ್ ಬೇಕು. 80 ಟನ್ನಿಗೆ 1,600 ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ಅರೆಯುವ ವಿದ್ಯುತ್ತಿಗೇ 11,200 ರೂಪಾಯಿ. ಸಿಡಿಸುವ, ಸಾಗಿಸುವ, ಬೇರ್ಪಡಿಸುವ, ಮಿಕ್ಕ 79 ಟನ್ ಪುಡಿಯನ್ನು ಎಲ್ಲಾದರೂ ಒಟ್ಟುವ ಖರ್ಚು ಇದರ ಮೇಲೆ.

ಕೇರಳದ ಚವರದಲ್ಲಿ ಇದೇ ಕೆಲಸವನ್ನು ಸಮುದ್ರ ಸಾವಿರಾರು ವರ್ಷ ಪುಕ್ಕಟೆ ಮಾಡಿಟ್ಟಿದೆ. ಘಟ್ಟದ ಬಂಡೆ ಕರಗಿ, ನದಿ ಹೊತ್ತು ತಂದು, ಅಲೆ ಜಾಲಿಸಿ, ಭಾರವಾದ ಇಲ್ಮನೈಟ್ ಹರಳುಗಳನ್ನು ದಂಡೆಯಲ್ಲೇ ಬಿಟ್ಟುಹೋಗಿದೆ. ಚವರದ ಇಲ್ಮನೈಟಿನಲ್ಲಿ ಡೈಆಕ್ಸೈಡ್ ಶೇ 60ರ ಹತ್ತಿರ. ಒಂದು ಟನ್ನಿಗೆ 80 ಟನ್ ಬಂಡೆಯ ಬದಲು ಒಂದೂಮುಕ್ಕಾಲು ಟನ್ನಿಗೂ ಕಡಿಮೆ ಇಲ್ಮನೈಟ್ ಸಾಕು. ದೇಶದ ಕಡಲ ದಂಡೆಯ ಮರಳಿನಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿರುವ ಇಲ್ಮನೈಟ್ 60 ಕೋಟಿ ಟನ್ನಿಗೂ ಹೆಚ್ಚು. ಇಷ್ಟಿದ್ದೂ ಚವರದ ಸರ್ಕಾರಿ ಕಂಪನಿ ಕೆಎಂಎಂಎಲ್‌ನಲ್ಲಿರುವ ಟೈಟಾನಿಯಂ ಸ್ಪಾಂಜ್ (ರಂಧ್ರಮಯ ಕಚ್ಚಾ ಲೋಹ) ಘಟಕದ ಸಾಮರ್ಥ್ಯ ವರ್ಷಕ್ಕೆ 500 ಟನ್. ಅದಕ್ಕೆ ಲೆಕ್ಕದ ಪ್ರಕಾರ ಬೇಕಾದ ಡೈಆಕ್ಸೈಡ್ 834 ಟನ್ ಮಾತ್ರ. ಆದರೆ ಆ 500 ಟನ್ ಲೋಹಕ್ಕೆ ಸುಮಾರು 2,000 ಟನ್ ಟೈಟಾನಿಯಂ ಟೆಟ್ರಾಕ್ಲೋರೈಡ್, 500 ಟನ್ನಿಗೂ ತುಸು ಹೆಚ್ಚು ಮೆಗ್ನೀಸಿಯಂ ಬೇಕು. ನಮಗೆ ಕೊರತೆ ಇರುವುದು ಅದಿರಿನದಲ್ಲ, ಅದಿರನ್ನು ಲೋಹ ಮಾಡುವ ಕಾರ್ಖಾನೆಗಳದು. ಜಗತ್ತಿನಲ್ಲಿ ತೆಗೆಯುವ ಟೈಟಾನಿಯಂ ಅದಿರಿನ ಹತ್ತರಲ್ಲಿ ಒಂಬತ್ತು ಪಾಲು ವಿಮಾನಕ್ಕೆ ಹೋಗುವುದಿಲ್ಲ. ಬಣ್ಣ, ಕಾಗದ, ಪ್ಲಾಸ್ಟಿಕ್‌ಗಳ ಬಿಳುಪಿಗೆ ಹೋಗುತ್ತದೆ.

ಇದರ ಪಕ್ಕದಲ್ಲಿ ನಮ್ಮ ಕಿಲ್ನ್‌ಗಳ ಲೆಕ್ಕ ಇಡಿ. ಕ್ಲಿಂಕರಿನಲ್ಲಿ ಜೇಡಿ, ಕಬ್ಬಿಣದ ಮಣ್ಣುಗಳಿಂದ ಬಂದ ಟೈಟಾನಿಯಂ ಡೈಆಕ್ಸೈಡ್ ಸಾಮಾನ್ಯವಾಗಿ ಶೇ 0.2ರಿಂದ 0.4. ಶೇ 0.25 ಹಿಡಿದರೆ ನಮ್ಮ ಮಾದರಿ ಕಾರ್ಖಾನೆಯ 30 ಲಕ್ಷ ಟನ್ ಕ್ಲಿಂಕರಿನಲ್ಲಿ 7,500 ಟನ್. ಲೋಹವಾಗಿ ಎಣಿಸಿದರೆ 4,500 ಟನ್, ಚವರದ ಸ್ಪಾಂಜ್ ಘಟಕದ ಒಂಬತ್ತು ಪಟ್ಟು. ಪ್ರತಿ ವರ್ಷ ಅಷ್ಟು ಟೈಟಾನಿಯಂ ಒಂದೇ ಕಾರ್ಖಾನೆಯಿಂದ ಸಿಮೆಂಟ್ ಚೀಲದಲ್ಲಿ ಹೊರಟು ಗೋಡೆ ಸೇರುತ್ತದೆ. ಅದನ್ನು ಯಾರೂ ನಷ್ಟ ಎಂದು ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ನೆಲದಲ್ಲಿ ಇರುವುದೇ ಬೇರೆ, ಅದಿರು ಎನಿಸಿಕೊಳ್ಳುವುದೇ ಬೇರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಇನ್ನೊಂದು ಲೆಕ್ಕಕ್ಕೆ. ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಶೇ 5ರಿಂದ 20ರವರೆಗೂ ಇರುತ್ತದೆ. ಹಿಂಡಾಲ್ಕೊ ಮತ್ತು ಅಲ್ಟ್ರಾಟೆಕ್ ವರ್ಷಕ್ಕೆ 12 ಲಕ್ಷ ಟನ್ ಕೆಂಪು ಕೆಸರನ್ನು 7 ರಾಜ್ಯಗಳ 14 ಸಿಮೆಂಟ್ ಘಟಕಗಳಿಗೆ ಸಾಗಿಸುವ ಒಪ್ಪಂದ ಮಾಡಿಕೊಂಡವು. ಹೊಂಡದಲ್ಲಿ ಕೊಳೆಯುವುದಕ್ಕಿಂತ ಸಿಮೆಂಟಿಗೆ ಬಳಕೆಯಾಗುವುದು ಒಳ್ಳೆಯದೇ. ಆದರೆ ಶೇ 8 ಎಂದು ತಗ್ಗಿಸಿಯೇ ಹಿಡಿದರೂ ಅದರಲ್ಲಿ 96,000 ಟನ್ ಡೈಆಕ್ಸೈಡಿದೆ. ಅಗೆದು, ಅರೆದು, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಆಗಿರುವ ವಸ್ತು ಅದು. ಹೊಸ ನೆಲ ಅಗೆಯುವ ಮುನ್ನ ಸಂಶೋಧನೆಯ ಹಣ ಅಲ್ಲಿಗೆ ಮೊದಲು ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ನಮ್ಮ ಕಡೆ ಹುಡುಕುವುದೇ ಬೇಡವೇ? ಹುಡುಕಬೇಕು. ಎಲ್ಲಿ ಎಂಬುದು ಮುಖ್ಯ. ಬಸಾಲ್ಟ್ ಬಿಸಿಲು ಮಳೆಗೆ ಕೊಳೆತಾಗ ಸಿಲಿಕಾ, ಸುಣ್ಣ, ಮೆಗ್ನೀಸಿಯಂ ಕರಗಿ ಹೋಗುತ್ತವೆ. ಟೈಟಾನಿಯಂ ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ಬಂಡೆಯ ಅರ್ಧ ತೂಕ ಕರಗಿಹೋದರೆ ಶೇ 2.5 ಇದ್ದದ್ದು ಉಳಿದ ಅರ್ಧದಲ್ಲಿ ಶೇ 5 ಆಗುತ್ತದೆ. ದಖ್ಖನ್ ಬಸಾಲ್ಟಿನ ಮೇಲೆ ರೂಪುಗೊಂಡ ಬಾಕ್ಸೈಟುಗಳಲ್ಲಿ ಶೇ 5ರಿಂದ 10ರವರೆಗೆ ಟೈಟಾನಿಯಂ ಡೈಆಕ್ಸೈಡ್ ಕಾಣುವುದು ಇದೇ ಕಾರಣಕ್ಕೆ. ಚಿಂಚೋಳಿಯಿಂದ ಬೀದರ್ ಕಡೆಗೆ ಏರುವ ಎತ್ತರದ ಜಂಬಿಟ್ಟಿಗೆ ನೆಲ, ಅಲ್ಲಿಂದ ಇಳಿದು ಮುಲ್ಲಾಮಾರಿ, ಕಾಗಿಣಾ ಸೇರುವ ಹಳ್ಳಗಳ ಕಪ್ಪು ಮರಳು, ಇವೆರಡನ್ನು ಮೊದಲು ನೋಡಬೇಕು. ಸೇಡಂ, ವಾಡಿ, ಶಹಾಬಾದಿನ ಸುಣ್ಣದಕಲ್ಲಿನೊಳಗೆ ಹುಡುಕುವುದು ದುಡ್ಡಿನ ದಂಡ. ಟೈಟಾನಿಯಂ–ವನೇಡಿಯಂ ಬೆರೆತ ಮ್ಯಾಗ್ನಟೈಟ್ ಅದಿರು ರಾಜ್ಯದಲ್ಲಿ ಮೊದಲಿಂದ ಗೊತ್ತಿರುವುದೂ ಬೇರೆ ಕಡೆಯೇ, ಶಿವಮೊಗ್ಗ ಸೀಮೆಯ ಮಸಣಿಕೆರೆ, ಹಾಸನದ ನುಗ್ಗೇಹಳ್ಳಿ ಶಿಲಾಪಟ್ಟಿಗಳಲ್ಲಿ.

ಖನಿಜ ಅನ್ವೇಷಣೆಗೆ ಜಿ4, ಜಿ3, ಜಿ2, ಜಿ1 ಎಂದು ನಾಲ್ಕು ಹಂತ. ಜಿ4 ಎಂದರೆ ಮೇಲುನೋಟದ ಪರಿಶೀಲನೆ. ಸೇಡಂ ಮಂಡಿಯಲ್ಲಿ ಲಾಟಿನ ಒಂದು ಚೀಲದಿಂದ ಬೊಗಸೆ ತೊಗರಿ ತೆಗೆದು ನೋಡಿದಷ್ಟೇ. ಇದಕ್ಕೂ ಮೊದಲಿನ ಅಡಿಪಾಯ ಸರ್ವೇಕ್ಷಣಾ ಸಂಸ್ಥೆಯ ರಾಷ್ಟ್ರೀಯ ಭೂರಾಸಾಯನಿಕ ನಕ್ಷೆ ಕಾರ್ಯಕ್ರಮ. ಅದರಲ್ಲಿ ಒಂದೊಂದು ಚದರ ಕಿ.ಮೀ.ಯಿಂದ ಹಳ್ಳದ ಹೂಳು ತೆಗೆದು, ನಾಲ್ಕನ್ನು ಕೂಡಿಸಿ ಒಂದು ಮಾದರಿ ಮಾಡಿ, 60ಕ್ಕೂ ಹೆಚ್ಚು ಧಾತುಗಳಿಗೆ ಪರೀಕ್ಷಿಸುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಒಂದು ಟೋಪೋಶೀಟ್, ಅಂದರೆ ಸರ್ವೆ ನಕ್ಷೆಯ ಒಂದು ಹಾಳೆ, ಸುಮಾರು 737 ಚದರ ಕಿ.ಮೀ. ಆಗುತ್ತದೆ, ಅಂದರೆ 184 ಮಾದರಿ. ಸುಮಾರು 10,950 ಚದರ ಕಿ.ಮೀ. ಇರುವ ಇಡೀ ಕಲಬುರಗಿ ಜಿಲ್ಲೆಗೆ ಹತ್ತಿರ ಹತ್ತಿರ 2,740 ಮಾದರಿ.

ಖರ್ಚಿಗೆ ಒಂದು ಅಂದಾಜು ಇಟ್ಟುಕೊಳ್ಳೋಣ. ತೆಗೆಯುವುದು, ಸಾಗಿಸುವುದು, ಪರೀಕ್ಷೆ ಎಲ್ಲ ಸೇರಿ ಮಾದರಿಗೆ 10,000 ರೂಪಾಯಿ ಎಂದರೆ ಟೋಪೋಶೀಟಿಗೆ 18.4 ಲಕ್ಷ, ಇಡೀ ಜಿಲ್ಲೆಗೆ 2 ಕೋಟಿ 74 ಲಕ್ಷ. ನಮ್ಮ ಮಾದರಿ ಗಾತ್ರದ ಮೂರು ಕಾರ್ಖಾನೆಗಳು ಈಗಿನ ದರದಲ್ಲಿ ಒಂದು ವರ್ಷ ಟ್ರಸ್ಟಿಗೆ ಕಟ್ಟುವ ಹಣ 3 ಕೋಟಿ 24 ಲಕ್ಷ. ಮುಂದೆ ಕೊರೆಯಬೇಕಾಗಿ ಬಂದರೆ ಮೀಟರಿಗೆ 10,000 ರೂಪಾಯಿಯಂತೆ ಒಂದೇ ಕಾರ್ಖಾನೆಯ 1 ಕೋಟಿ 8 ಲಕ್ಷದಲ್ಲಿ 1,080 ಮೀಟರ್ ಕೊರೆಯಬಹುದು. ಜಂಬಿಟ್ಟಿಗೆ ಪದರಕ್ಕೆ 30 ಮೀಟರ್ ಆಳ ಸಾಕೆಂದರೆ 36 ರಂಧ್ರಗಳಾದವು. ಟ್ರಸ್ಟಿನ ಹಣ ದೇಶಕ್ಕೆಲ್ಲ ಒಂದೇ ಗಂಟು. ಇಲ್ಲಿನದು ಇಲ್ಲಿಗೇ ಮರಳುತ್ತದೆ ಎಂಬ ನಿಯಮವಿಲ್ಲ. ಆದರೂ ಈ ಹೋಲಿಕೆಯಿಂದ ಒಂದು ಮಾತು ಸ್ಪಷ್ಟ: ಮೊದಲ ಹಂತದ ಹುಡುಕಾಟ ಅಗ್ಗ. ಅದನ್ನು ಮಾಡದೇ ಇರಲು ಹಣದ ನೆಪ ಹೇಳಲಾಗದು, ಮಾಡಿದ ಮಾತ್ರಕ್ಕೆ ಗಣಿ ಬಂತೆಂದು ಹಿಗ್ಗಲೂ ಆಗದು.

ಹಿಗ್ಗಿದವರಿಗೆ ಏನಾಯಿತೆಂದು ಮಂಡ್ಯದ ಮರ್ಲಗಲ್ಲ ಹೇಳುತ್ತದೆ. 2020ರ ಆರಂಭದಲ್ಲಿ ಅಲ್ಲಿ 14,100 ಟನ್ ಲಿಥಿಯಂ ಎಂಬ ಅಂದಾಜು ದೇಶದ ಪತ್ರಿಕೆಗಳ ತುಂಬ ಓಡಾಡಿತು. 2021ರಲ್ಲಿ ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಅಂದಾಜು ಹೊರಬಂದಾಗ ಅಂಕಿ 1,600 ಟನ್, ಒಂಬತ್ತರಲ್ಲಿ ಒಂದು ಪಾಲಿಗೆ ತುಸು ಮೇಲೆ. ಜಮ್ಮುವಿನ ರಿಯಾಸಿಯಲ್ಲಿ 2023ರ ಫೆಬ್ರುವರಿಯಲ್ಲಿ 59 ಲಕ್ಷ ಟನ್ ಎಂದು ಸಾರಿದ ಲಿಥಿಯಂ ಬ್ಲಾಕಿನ ಹರಾಜು ಸಾಕಷ್ಟು ಬಿಡ್‌ದಾರರು ಬಾರದೆ ರದ್ದಾಯಿತು. ನಮ್ಮ ಭೀಮಾ ಜಲಾನಯನದ್ದೇ ಉದಾಹರಣೆ ಬೇಕೆಂದರೆ ಯಾದಗಿರಿ ಜಿಲ್ಲೆಯ ಗೋಗಿ ಇದೆ. ಅಲ್ಲಿ ಯುರೇನಿಯಂ ಕಂಡದ್ದು 1990ರ ದಶಕದಲ್ಲಿ. ಮೂರು ದಶಕದ ಹತ್ತಿರ ಕಳೆದರೂ ವಾಣಿಜ್ಯ ಗಣಿ ಆಗಿಲ್ಲ.

ಚಿಂಚೋಳಿಗೆ ಇನ್ನೊಂದು ಅಂಕಿ ಮುಖ್ಯ. 2011ರಲ್ಲಿ ಘೋಷಿಸಿದ ಚಿಂಚೋಳಿ ವನ್ಯಜೀವಿ ಧಾಮದ ವಿಸ್ತೀರ್ಣ 134.88 ಚದರ ಕಿ.ಮೀ. ನಕ್ಷೆಯ ಭಾಷೆಯಲ್ಲಿ ಅದು 34 ಮಾದರಿ ಚೌಕ. ಆ ಚೌಕಗಳಲ್ಲಿ ಟೈಟಾನಿಯಂ ಎಷ್ಟೇ ತೋರಿದರೂ ಅದನ್ನು ಸಂಪನ್ಮೂಲದ ಲೆಕ್ಕಕ್ಕೆ ಸೇರಿಸಬಾರದು. ಬಯಲುಸೀಮೆಯ ನಡುವೆ ಉಳಿದಿರುವ ಇಂಥ ಕಾಡಿಗೆ ಟನ್ನಿನ ದರ ಕಟ್ಟುವ ಕೆಲಸಕ್ಕೆ ಯಾರೂ ಕೈ ಹಾಕದಿರಲಿ.

ಈ ಅಂಕಿಗಳನ್ನು ಈಗಲೇ ಕೇಳಿ ಎನ್ನಲು ಗಟ್ಟಿ ಕಾರಣವಿದೆ. 2021ರಲ್ಲಿ ನಿಯಮ ಬದಲಾದ ಮೇಲೆ ಜಿ4 ಹಂತದ ವರದಿಯ ಆಧಾರದಲ್ಲೇ ಬ್ಲಾಕನ್ನು ಸಂಯುಕ್ತ ಪರವಾನಗಿಗೆ (ಅನ್ವೇಷಣೆ, ಗಣಿಗಾರಿಕೆ ಎರಡಕ್ಕೂ ಸೇರಿದ ಪರವಾನಗಿ) ಹರಾಜಿಗಿಡಬಹುದು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ನಿರ್ಣಾಯಕ ಮತ್ತು ಪರಮಾಣು ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಕೊಟ್ಟಿದೆ. ಸುಣ್ಣದಕಲ್ಲಿನ ಗಣಿಗೆ ಊರವರನ್ನು ಕೂರಿಸಿ ಅಹವಾಲು ಕೇಳಬೇಕು; ಇಲ್ಮನೈಟ್ ಗಣಿಗೆ ಹಾಗೆ ಕೇಳಲೇಬೇಕೆಂದಿಲ್ಲ. ಇದು ಅನ್ಯಾಯ. ಅದು ಸರಿಯಾಗುವವರೆಗೆ ಹೊಲದವರಿಗೆ ಮಾತಾಡಲು ಉಳಿದಿರುವ ಸಮಯ ಮಾದರಿ ತೆಗೆಯುವ ಹಂತವೇ.

ಆದ್ದರಿಂದ ನಿಮ್ಮೂರ ಹಳ್ಳಕ್ಕೆ ಸರ್ವೆ ಜೀಪು ಬಂದರೆ ಅಡ್ಡಗಟ್ಟಬೇಡಿ, ಹಾರ ಹಾಕಲೂ ಹೋಗಬೇಡಿ. ಎಷ್ಟು ಮಾದರಿ ತೆಗೆದಿರಿ, ಟೈಟಾನಿಯಂ ಯಾವ ಖನಿಜದಲ್ಲಿದೆ, ಹರಳಿನ ಗಾತ್ರ ಎಷ್ಟು, ಎಷ್ಟು ಪಾಲು ಹೊರತೆಗೆಯಬಹುದು, ಉಳಿದ ಪುಡಿ ಎಲ್ಲಿಗೆ ಎಂದು ಕೇಳಿ. ಬರೀ ಟನ್ ಹೇಳಿ ಉಳಿದುದಕ್ಕೆ ಉತ್ತರ ಕೊಡದ ವರದಿಯನ್ನು ನಂಬಿ ಎರೆ ಹೊಲ ಮಾರಬೇಡಿ. 2023ರ ಡಿಸೆಂಬರಿನಿಂದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಅನ್ವೇಷಣೆಯ ಮಾಹಿತಿ ಸಾರ್ವಜನಿಕರಿಗೆ ಸಿಗುತ್ತದೆ. ಗ್ರಾಮ ಪಂಚಾಯಿತಿ ಕಾರ್ಯದರ್ಶಿಯೋ ಕಾಲೇಜಿನ ವಿಜ್ಞಾನ ಮೇಷ್ಟರೋ ತೆರೆದು ನೋಡಬಹುದು. ಆ ವರದಿಗಳ ಸಾರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ತಾಲ್ಲೂಕುಗಳ ಪ್ರತಿ ಗ್ರಾಮಸಭೆಯ ಮುಂದಿಡುವ ಕೆಲಸವನ್ನು ಜಿಲ್ಲಾ ಖನಿಜ ಪ್ರತಿಷ್ಠಾನ ವಹಿಸಿಕೊಳ್ಳಲಿ. ಹಳೆಯ ಗುತ್ತಿಗೆಗಳಿಂದ ಟನ್ನಿಗೆ 24 ರೂಪಾಯಿ ಪಡೆಯುವ ಸಂಸ್ಥೆಗೆ ಆ ಖರ್ಚು ಭಾರವಲ್ಲ.